ಕೇಳಿದ ಮೇಲೆ ಕಾಯಬೇಕು

2020ರ ಮಳೆಗಾಲ. ಶಾಲೆಗಳು ಮುಚ್ಚಿದ್ದವು. ಆದಿ ಉಡುಪಿಯ ನಮ್ಮ ಮನೆಯ ಜಗಲಿಗೆ ಅಕ್ಕಪಕ್ಕದ ಆರು ಮಕ್ಕಳು ದಿನಾ ಮಧ್ಯಾಹ್ನ ಬರುತ್ತಿದ್ದರು. ಮೂರನೆಯ, ನಾಲ್ಕನೆಯ ತರಗತಿಯವರು. ಮೂವರ ಮನೆಮಾತು ತುಳು, ಒಬ್ಬಳದು ಕೊಂಕಣಿ, ಇಬ್ಬರದು ಬ್ಯಾರಿ. ಆನ್‌ಲೈನ್ ಪಾಠ ಅವರ ಮಟ್ಟಿಗೆ ಹೆಸರಿಗೆ ಮಾತ್ರ ಇತ್ತು. ಮನೆಗೊಂದೇ ಮೊಬೈಲ್, ಅದು ಬೆಳಿಗ್ಗೆಯೇ ಅಪ್ಪನ ಕಿಸೆಯಲ್ಲಿ ಕೆಲಸಕ್ಕೆ ಹೊರಟುಬಿಡುತ್ತಿತ್ತು. ರಾತ್ರಿ ಫೋನು ಮನೆ ಸೇರಿದ ಮೇಲಾದರೂ ಕೇಳಿಕೊಳ್ಳಲಿ ಎಂದು ನಾನು ವಿಜ್ಞಾನದ ಒಂದು ಪಾಠವನ್ನು ಧ್ವನಿಮುದ್ರಿಸಿದೆ. ವಿಷಯ ಗಾಳಿ. ಒಂಬತ್ತು ನಿಮಿಷ. ಹಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಗಾಳಿಗೆ ತೂಕವಿದೆ, ಗಾಳಿ ಜಾಗ ಹಿಡಿಯುತ್ತದೆ ಎಂಬುದನ್ನೆಲ್ಲ ಚೆನ್ನಾಗಿಯೇ ಹೇಳಿದ್ದೆ.

ಕಳಿಸುವ ಮೊದಲು ಜಗಲಿಯಲ್ಲಿ ಕೇಳಿಸಿದೆ. ಮೊದಲ ನಿಮಿಷ ಎಲ್ಲರೂ ಫೋನನ್ನೇ ನೋಡುತ್ತಿದ್ದರು. ಎರಡನೆಯ ನಿಮಿಷಕ್ಕೆ ಒಬ್ಬ ಮಾಡಿನಿಂದ ಬೀಳುವ ನೀರಿಗೆ ಕೈಯೊಡ್ಡಿದ. ನಾಲ್ಕನೆಯ ನಿಮಿಷಕ್ಕೆ ಜಗಲಿಯಲ್ಲಿ ಕೇಳುತ್ತಿದ್ದವಳು ನಾನೊಬ್ಬಳೇ.

ಮರುದಿನ ಪಾಠದ ನಡುವೆ ಪ್ರಶ್ನೆಗಳನ್ನು ಸೇರಿಸಿದೆ. 'ಲೋಟದ ತಳಕ್ಕೆ ಕಾಗದ ತುರುಕಿ, ಲೋಟವನ್ನು ಬೋರಲು ಹಿಡಿದು ಬಾಲ್ದಿಯ ನೀರಿನಲ್ಲಿ ಮುಳುಗಿಸಿದರೆ ಕಾಗದ ಒದ್ದೆಯಾಗುತ್ತದೋ ಇಲ್ಲವೋ?' ಎಂದು ಕೇಳಿ, ಉಸಿರು ತೆಗೆದುಕೊಂಡು, ಉತ್ತರ ಹೇಳಿದ್ದೆ. ಅದನ್ನು ಕೇಳಿಸುವಾಗ ನಡೆದದ್ದು ಇವತ್ತಿಗೂ ಕಣ್ಣಮುಂದಿದೆ. ಕೊಂಕಣಿ ಮಾತಾಡುವ ಆ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು, ತಲೆ ಎತ್ತಿ 'ಟೀಚರ್, ಕಾಗದ...' ಎಂದು ಶುರುಮಾಡಿದಳು. ಅಷ್ಟರಲ್ಲಿ ಫೋನಿನಿಂದ ನನ್ನದೇ ದನಿ ಉತ್ತರ ಹೇಳಿ ಮುಂದಕ್ಕೆ ಹೋಯಿತು. ಅವಳು ಬಾಯಿ ಮುಚ್ಚಿದಳು. ಆ ಮಧ್ಯಾಹ್ನ ಮತ್ತೆ ಬಿಡಲಿಲ್ಲ.

ಅವಳ ಮಾತನ್ನು ನುಂಗಿದ್ದು ನಾನು. ಶಾಲೆಯಲ್ಲಿ ಇಷ್ಟು ವರ್ಷ ಎಷ್ಟು ಮಕ್ಕಳ ಮಾತನ್ನು ಹೀಗೆ ನುಂಗಿರಬಹುದು ಎಂಬ ಯೋಚನೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ರೇಡಿಯೊ ಪಾಠಗಳ ಚರಿತ್ರೆಯನ್ನು ಹುಡುಕಿ ಓದತೊಡಗಿದ್ದು ಅಲ್ಲಿಂದ. ಓದಿದಾಗ ಗೊತ್ತಾಯಿತು, ನಾನು ಎಡವಿದ ಈ ಕಲ್ಲು ಹಳೆಯದು. ಅದನ್ನು ಮೊದಲು ಗುರುತಿಸಿ, ಅಳೆದು, ದಾರಿ ಮಾಡಿಕೊಂಡವರು ಅರ್ಧ ಶತಮಾನದ ಹಿಂದೆಯೇ ಇದ್ದರು.

ಕತೆ ಶುರುವಾಗುವುದು ಕಂಪ್ಯೂಟರಿನಿಂದ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಸೂಪಸ್ ಎಂಬ ತತ್ತ್ವಶಾಸ್ತ್ರಜ್ಞರು ಚಿಕ್ಕ ಮಕ್ಕಳಿಗೆ ಕಂಪ್ಯೂಟರ್ ಮೂಲಕ ಲೆಕ್ಕ ಕಲಿಸುವ ಪ್ರಯೋಗಕ್ಕೆ ಇಳಿದಿದ್ದರು. ಆ ಯಂತ್ರದ ಗುಣವೆಂದರೆ ಅದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿತ್ತು. ಮಗು ಉತ್ತರ ಒತ್ತುವವರೆಗೂ ಕಾಯುತ್ತಿತ್ತು. ಒತ್ತಿದ ಕೂಡಲೇ ಸರಿಯೋ ತಪ್ಪೋ ಹೇಳುತ್ತಿತ್ತು. ಆದರೆ ಒಂದು ಕೋಣೆಯಷ್ಟು ದೊಡ್ಡ ಯಂತ್ರ ಬಡ ದೇಶದ ಹಳ್ಳಿಶಾಲೆಗೆ ಹೋಗುವುದುಂಟೇ? ಹೋಗಬಲ್ಲದ್ದು ರೇಡಿಯೊ ಒಂದೇ. ರೇಡಿಯೊಕ್ಕೋ ಕಾಯಲು ಬರುವುದಿಲ್ಲ. ಅದು ಮಾತಾಡುತ್ತಲೇ ಇರುತ್ತದೆ. ಕಾಯಲು ಬಾರದ ರೇಡಿಯೊವನ್ನು ಕಾಯುವಂತೆ ಮಾಡುವುದು ಹೇಗೆ? ನಾನು ಓದಿದ್ದರಲ್ಲಿ ಆವಿಷ್ಕಾರ ಎಂಬ ಮಾತಿಗೆ ನಿಜಕ್ಕೂ ತಕ್ಕ ಪ್ರಶ್ನೆ ಇದು.

ಸೂಪಸ್ ಮತ್ತು ಅವರ ಜೊತೆಗಾರ್ತಿಯರಾದ ಬಾರ್ಬರಾ ಸರ್ಲ್, ಜೇಮ್ಸಿನ್ ಫ್ರೆಂಡ್ ಅವರ ತಂಡ ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವಕ್ಕೆ ಹೋಯಿತು. ಹಣ ಅಮೆರಿಕ ಸರಕಾರದ ನೆರವು ಸಂಸ್ಥೆಯದು. 1972ರ ಡಿಸೆಂಬರಿನ ಭೂಕಂಪದಲ್ಲಿ ಆ ದೇಶದ ರಾಜಧಾನಿ ಮನಾಗುವ ನೆಲಸಮವಾಗಿತ್ತು. ತಂಡ ಅದರ ಪಕ್ಕದ ಮಸಾಯ ಎಂಬ ಊರಿನಲ್ಲಿ ಬೀಡುಬಿಟ್ಟು, 1974ರಿಂದ ಒಂದನೆಯ ತರಗತಿಗೆ ಲೆಕ್ಕದ ರೇಡಿಯೊ ಪಾಠ ಬರೆಯತೊಡಗಿತು.

ಅವರು ಮಾಡಿದ್ದು ಕೇಳಲು ತೀರಾ ಸರಳ. ಪಾಠವನ್ನು ಒಂದೇ ಉದ್ದದ ಭಾಷಣವಾಗಿ ಬರೆಯದೆ ಎರಡು-ಮೂರು ನಿಮಿಷಗಳ ತುಂಡುಗಳಾಗಿ ಬರೆದರು. ಒಂದು ತುಂಡು ಕೂಡುವುದು, ಇನ್ನೊಂದು ಅಳತೆ, ನಡುವೆ ಹಾಡು, ಆಟ. ಪ್ರತಿ ತುಂಡಿನಲ್ಲೂ ರೇಡಿಯೊ ಮಗುವನ್ನೇ ಉದ್ದೇಶಿಸಿ ಕೇಳುತ್ತದೆ, ಮಗು ಗಟ್ಟಿಯಾಗಿ ಹೇಳಬೇಕು, ಇಲ್ಲವೇ ಬರೆಯಬೇಕು, ಎದ್ದು ನಿಲ್ಲಬೇಕು, ಕಡ್ಡಿಗಳನ್ನು ಎಣಿಸಿ ಜೋಡಿಸಬೇಕು. ಕೇಳಿದ ಮೇಲೆ ಟೇಪಿನಲ್ಲಿ ಖಾಲಿ ಜಾಗ. ಆಮೇಲೆ ಸರಿಯುತ್ತರ. ಆ ಖಾಲಿ ಜಾಗ ಎಷ್ಟು ಸೆಕೆಂಡು ಇರಬೇಕು ಎಂಬುದನ್ನು ಅವರು ಸ್ಟುಡಿಯೊದಲ್ಲಿ ಕುಳಿತು ಊಹಿಸಲಿಲ್ಲ. ವೀಕ್ಷಕರು ತರಗತಿಗೆ ಹೋಗಿ ಮಕ್ಕಳು ಎಲ್ಲಿ ತಡವರಿಸುತ್ತಾರೆ, ಎಲ್ಲಿ ರೇಡಿಯೊಗಿಂತ ಮುಂದೆ ಓಡುತ್ತಾರೆ, ಎಲ್ಲಿ ಬೇಸತ್ತು ಕಿಟಕಿ ನೋಡುತ್ತಾರೆ ಎಂದು ಬರೆದುಕೊಂಡು ಬರುತ್ತಿದ್ದರು. ಮುಂದಿನ ಪಾಠ ಆ ಟಿಪ್ಪಣಿಯ ಮೇಲೆ ಬರೆಯಲ್ಪಡುತ್ತಿತ್ತು. ಅಂದರೆ, ಒಂದು ಅರ್ಥದಲ್ಲಿ, ಪಾಠವನ್ನು ತಿದ್ದಿದವರು ಮಸಾಯದ ಆರು-ಏಳು ವರ್ಷದ ಮಕ್ಕಳೇ.

ಫಲ ಏನಾಯಿತು? 88 ಒಂದನೆಯ ತರಗತಿಗಳನ್ನು ಸೇರಿಸಿ ನಡೆಸಿದ ಪ್ರಯೋಗದ ವರದಿ 1981ರಲ್ಲಿ ಪ್ರಕಟವಾಯಿತು. 48 ತರಗತಿಗಳಲ್ಲಿ ಎಂದಿನ ಪಾಠ, 20ಕ್ಕೆ ಹೊಸ ಪಠ್ಯಪುಸ್ತಕ, 20ಕ್ಕೆ ರೇಡಿಯೊ. ಪುಸ್ತಕ ಸಿಕ್ಕವರೂ ಮುಂದೆ ಬಂದರು. ಆದರೆ ರೇಡಿಯೊ ತಂದ ಲಾಭ ಪುಸ್ತಕ ತಂದ ಲಾಭದ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಪೇಟೆಯ ಮಕ್ಕಳಿಗೂ ಹಳ್ಳಿಯ ಮಕ್ಕಳಿಗೂ ಇದ್ದ ಅಂತರವನ್ನೂ ಅದು ತಗ್ಗಿಸಿತು. ನನ್ನ ಪಾಲಿಗೆ ಈ ಎರಡನೆಯ ಮಾತೇ ದೊಡ್ಡದು. 1979ರ ಕ್ರಾಂತಿಯ ಹೊತ್ತಿಗೆ ಆ ದೇಶದಲ್ಲಿ ಯೋಜನೆ ನಿಂತಿತಾದರೂ ವಿಧಾನ ಉಳಿಯಿತು.

ವಿಚಿತ್ರವೆಂದರೆ, ಅದೇ ವರ್ಷಗಳಲ್ಲಿ ಬೇರೆ ದಿಕ್ಕಿನಿಂದ ಇನ್ನೊಬ್ಬರು ಅದೇ ಮೌನವನ್ನು ಮುಟ್ಟಿದ್ದರು. ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ ಪ್ರಾಥಮಿಕ ಶಾಲೆಯ ವಿಜ್ಞಾನದ ತರಗತಿಗಳನ್ನು ಟೇಪಿನಲ್ಲಿ ಹಿಡಿದು, 300ಕ್ಕೂ ಹೆಚ್ಚು ಟೇಪುಗಳನ್ನು ಕೂತು ಕೇಳಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸರಾಸರಿ ಒಂದು ಸೆಕೆಂಡು! ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೂ ಅಷ್ಟೇ, ಒಂದು ಸೆಕೆಂಡಿನೊಳಗೆ ಶಿಕ್ಷಕರ ಮಾತು ಶುರು. ಆಮೇಲೆ ಅವರು ಶಿಕ್ಷಕರಿಗೆ ಮೂರು ಸೆಕೆಂಡು ಕಾಯುವ ಅಭ್ಯಾಸ ಮಾಡಿಸಿದರು. ಮಕ್ಕಳ ಉತ್ತರಗಳು ಉದ್ದವಾದವು. 'ಹೀಗಿರಬಹುದೇನೋ' ಎಂಬ ಊಹೆಗಳು ಹೆಚ್ಚಿದವು. ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ದಡ್ಡರೆಂದು ಮೂಲೆಗೆ ಬಿದ್ದವರು ಬಾಯಿಬಿಟ್ಟರು. ಈ ಸಂಗತಿಯನ್ನು ಅವರು 1974ರಲ್ಲಿ ವಿವರವಾಗಿ ಪ್ರಕಟಿಸಿದರು. ಓದುತ್ತಿದ್ದಂತೆ ನನಗೆ ಜಗಲಿಯ ಆ ಹುಡುಗಿ ಕಂಡಳು. ನಾನು ಅವಳಿಗೆ ಕೊಟ್ಟದ್ದು ಒಂದು ಉಸಿರಿನಷ್ಟು ಹೊತ್ತು. ಅವಳು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಮನಸ್ಸಿನಲ್ಲಿ ಕೊಂಕಣಿಗೆ ತಂದು, ಯೋಚಿಸಿ, ಮತ್ತೆ ಕನ್ನಡಕ್ಕೆ ತರಬೇಕಿತ್ತು.

ಇದನ್ನೆಲ್ಲ ನಮ್ಮ ಅಜ್ಜಿಯಂದಿರು ಅಳೆಯದೆ ಬಲ್ಲವರಾಗಿದ್ದರು ಎಂದು ನನಗೆ ಅನ್ನಿಸುತ್ತದೆ. ಅಜ್ಜಿ ಕತೆ ಹೇಳುವಾಗ ಮಗು ಹೂಂಗುಟ್ಟಬೇಕು. 'ಹೂಂ' ನಿಂತರೆ ಕತೆಯೂ ನಿಲ್ಲುತ್ತದೆ. ಅದು ಮಗು ಎಚ್ಚರವಾಗಿದೆಯೇ ಎಂದು ನೋಡುವ ಉಪಾಯ ಮಾತ್ರ ಆಗಿರಲಿಲ್ಲ. ಕತೆಯ ಅರ್ಧ ಹೊಣೆ ಕೇಳುವವನದು ಎಂಬ ಒಪ್ಪಂದ. ನಮ್ಮ ಕಡೆಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತ ಅರ್ಥಧಾರಿಗಳ ಬರೀ ಮಾತಿನಲ್ಲಿ ಕುರುಕ್ಷೇತ್ರ ಎದ್ದು ನಿಲ್ಲುತ್ತದೆ. ದನಿಯೊಂದೇ ಸಾಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಮಕ್ಕಳಿಗೆ ವಿಜ್ಞಾನ ಕಲಿಸುವ ದನಿ ತಾಳಮದ್ದಳೆಯಷ್ಟು ಪ್ರೌಢವಾಗಿದ್ದರೂ ಹೂಂಗುಟ್ಟಲು ಬಿಡದಿದ್ದರೆ ಪ್ರಯೋಜನವಿಲ್ಲ.

ಲೆಕ್ಕದಿಂದ ವಿಧಾನ ಭಾಷೆಗೆ ಹೋಯಿತು. 1980ರ ದಶಕದ ಮೊದಲಲ್ಲಿ ಕೆನ್ಯಾದಲ್ಲಿ ಇಂಗ್ಲಿಷ್ ಕಲಿಸಲು ಬಳಸಿದರು. ವಿಜ್ಞಾನಕ್ಕೆ ಬಂದಾಗ ಮಾತ್ರ ತೊಡಕು ಎದುರಾಯಿತು. ಏಳು ಮತ್ತು ಐದು ಸೇರಿದರೆ ಎಷ್ಟು ಎಂದು ಕೇಳಿ ನಾಲ್ಕು ಸೆಕೆಂಡು ಕಾಯಬಹುದು. ಉತ್ತರ ಒಂದೇ. ಬೀಜ ಮೊಳೆಯಲು ಏನು ಬೇಕು ಎಂದು ಕೇಳಿದರೆ? ಅದನ್ನು ನೋಡಬೇಕು, ಮಾಡಬೇಕು, ದಿನಗಟ್ಟಲೆ ಕಾಯಬೇಕು, ಒಬ್ಬನ ಬೀಜ ಮೊಳೆಯದೆ ಕೊಳೆಯಲೂಬಹುದು. 1980ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯಲ್ಲಿ ನಾಲ್ಕರಿಂದ ಆರನೆಯ ತರಗತಿಗೆ ವಿಜ್ಞಾನವನ್ನು ರೇಡಿಯೊದಲ್ಲಿ ಕಲಿಸಹೊರಟವರು ಈ ಗೋಡೆಗೆ ಬಂದು ನಿಂತರು. ಅಮೆರಿಕದ ಎಜುಕೇಶನ್ ಡೆವಲಪ್‌ಮೆಂಟ್ ಸೆಂಟರ್ ಎಂಬ ಸಂಸ್ಥೆ ಅಲ್ಲಿನ ಶಿಕ್ಷಣ ಇಲಾಖೆಯ ಜೊತೆ ಸೇರಿ ಕೈಗೊಂಡ ಕೆಲಸ ಅದು.

ಅವರು ಕಂಡುಕೊಂಡ ಪರಿಹಾರವೆಂದರೆ ರೇಡಿಯೊ ಎಲ್ಲವನ್ನೂ ತಾನೇ ಮಾಡಲು ಹೋಗದಿರುವುದು. ಪ್ರಯೋಗಕ್ಕೆ ಬೇಕಾದ ಊರಿನ ಸಾಮಾನುಗಳನ್ನು ಶಿಕ್ಷಕರು ಮೊದಲೇ ಜೋಡಿಸಿಡುತ್ತಾರೆ. ರೇಡಿಯೊ ಒಂದೊಂದೇ ಹೆಜ್ಜೆ ಹೇಳುತ್ತದೆ, ಮಕ್ಕಳು ಮಾಡುತ್ತಾರೆ, ರೇಡಿಯೊ 'ಏನು ಕಂಡಿರಿ?' ಎಂದು ಕೇಳಿ ಸುಮ್ಮನಾಗುತ್ತದೆ. ಪ್ರಸಾರ ಮುಗಿದ ಮೇಲೆ ಶಿಕ್ಷಕರು ಮುಂದುವರಿಸುತ್ತಾರೆ. ಮೌನದ ಅರ್ಥ ಇಲ್ಲಿ ಬದಲಾಯಿತು. ಲೆಕ್ಕದ ಪಾಠದಲ್ಲಿ ಅದು ಉತ್ತರಕ್ಕಾಗಿ ಕಾಯುವ ಹೊತ್ತು. ವಿಜ್ಞಾನದ ಪಾಠದಲ್ಲಿ ಅದು ಕೈಗಳು ಕೆಲಸ ಮಾಡುವ ಹೊತ್ತು.

ಕನ್ನಡಕ್ಕೆ ಈ ವಿಧಾನ ಬಂದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಅದಕ್ಕೂ ಮುಂಚೆ ನಮ್ಮಲ್ಲಿ ದೊಡ್ಡ ಪ್ರಯತ್ನಗಳು ಆಗಿರಲಿಲ್ಲ ಎಂದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಆ ಮನೆಯಿಂದ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಇಳಿದು, 1936ರ ಸುಮಾರಿಗೆ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದ ಮೂಲಕ ಟಿ.ವಿ. ಪಾಠಗಳು ಆರು ರಾಜ್ಯಗಳ 2,400ರಷ್ಟು ಹಳ್ಳಿಗಳನ್ನು ತಲುಪಿದಾಗ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಶಾಲೆಗಳ ಮಕ್ಕಳು ಬೆಳಗಿನ ಹೊತ್ತು ಕನ್ನಡದಲ್ಲಿ ವಿಜ್ಞಾನ ನೋಡಿದರು. ಕರಾವಳಿಗೆ ನಮ್ಮದೇ ನಿಲಯವೆಂದು ಮಂಗಳೂರು ಆಕಾಶವಾಣಿ ಬಂದದ್ದು 1976ರ ಡಿಸೆಂಬರ್ 11ರಂದು. ಅದರ ಮೀಡಿಯಂ ವೇವ್ ಪ್ರಸಾರ ಗೋಪುರ ನಿಂತಿರುವುದು ನಮ್ಮ ಬ್ರಹ್ಮಾವರದಲ್ಲಿ. ಈ ಎಲ್ಲದರಲ್ಲೂ ಮಗು ಓದುಗ, ನೋಡುಗ, ಕೇಳುಗ. ತಿರುಗಿ ಮಾತಾಡುವ ಸರದಿ ಬಂದಿರಲಿಲ್ಲ.

ಪಪುವಾ ನ್ಯೂಗಿನಿಯಲ್ಲಿ ಕೆಲಸ ಮಾಡಿದ ಅದೇ ಸಂಸ್ಥೆ ನಮ್ಮ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಜೊತೆ ಸೇರಿ ಕನ್ನಡದ ರೇಡಿಯೊ ಪಾಠಗಳನ್ನು ರೂಪಿಸಿತು. ನಾವೆಲ್ಲ ಡಿ.ಎಸ್.ಇ.ಆರ್.ಟಿ. ಎನ್ನುವ ಇಲಾಖೆ ಅದು. 'ಚಿನ್ನರ ಚುಕ್ಕಿ', 'ಚುಕ್ಕಿ ಚಿನ್ನ' ಎಂಬ ಹೆಸರುಗಳು ಸರಕಾರಿ ಶಾಲೆಯ ಶಿಕ್ಷಕರಿಗೆ ಇಂದಿಗೂ ನೆನಪಿವೆ. ದೊಡ್ಡ ಮಕ್ಕಳಿಗೆ 'ಕೇಳಿ ಕಲಿ'. ರಾಜ್ಯದ ಆಕಾಶವಾಣಿ ನಿಲಯಗಳಿಂದ ಶಾಲೆಯ ಹೊತ್ತಿನಲ್ಲೇ ಪ್ರಸಾರ. ಶಾಲೆಗೊಂದು ರೇಡಿಯೊ, ಶಿಕ್ಷಕರಿಗೊಂದು ಕೈಪಿಡಿ.

'ಕೇಳಿ ಕಲಿ' ಎಂಬ ಹೆಸರಿನ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಕನ್ನಡದಲ್ಲಿ 'ಕೇಳು' ಎಂದರೆ ಕಿವಿಗೊಡು; 'ಕೇಳು' ಎಂದರೆ ಪ್ರಶ್ನಿಸು. ಎರಡಕ್ಕೂ ಒಂದೇ ಮಾತು. ಹೆಸರಿಟ್ಟವರ ಮನಸ್ಸಿನಲ್ಲಿ ಯಾವುದಿತ್ತೋ, ವಿಧಾನದ ಮನಸ್ಸಿನಲ್ಲಿ ಎರಡೂ ಇದ್ದವು.

ಇಂಥ ಪಾಠ ನಡೆಯುವ ತರಗತಿಯನ್ನು ಹೊರಗಿನಿಂದ ನೋಡಿದವರಿಗೆ ಗದ್ದಲವೆನಿಸೀತು. ರೇಡಿಯೊದ ಅಕ್ಕ 'ಮಕ್ಕಳೇ, ಎದ್ದು ನಿಲ್ಲಿ' ಎಂದರೆ ಇಡೀ ತರಗತಿ ಏಳುತ್ತದೆ. 'ಟೀಚರ್, ಎರಡನೆಯ ಸಾಲಿನ ಒಬ್ಬರನ್ನು ಮುಂದೆ ಕರೆಯಿರಿ' ಎಂದರೆ ಟೀಚರ್ ಕರೆಯುತ್ತಾರೆ. ಶಿಕ್ಷಕರು ಇಲ್ಲಿ ರೇಡಿಯೊದ ಜೊತೆಗಾರರು. ಗುಡುಗು-ಸಿಡಿಲಿನ ದಿನ ಮೀಡಿಯಂ ವೇವ್ ಕರಕರ ಎನ್ನುತ್ತದೆ. ಕರೆಂಟು ಹೋದರೆ, ಬ್ಯಾಟರಿ ಮುಗಿದರೆ ಆ ದಿನದ ಪಾಠ ಕೈತಪ್ಪಿತು. ಇದು ಅದರ ದೊಡ್ಡ ಕೊರತೆ. ಈಗ ಮೊಬೈಲಿನಲ್ಲಿ ಬೇಕೆಂದಾಗ ಹಾಕಿಕೊಳ್ಳಬಹುದು, ಬೇಕೆಂದಲ್ಲಿ ನಿಲ್ಲಿಸಬಹುದು, ಇನ್ನೇನು ಬೇಕು ಎನ್ನುವವರಿದ್ದಾರೆ. ನನ್ನ ಅನುಭವ ಬೇರೆ. ನಿಲ್ಲಿಸುವ ಗುಂಡಿ ಕೈಯಲ್ಲಿದ್ದರೂ ಮಗು ಅದನ್ನು ಒತ್ತುವುದಿಲ್ಲ. ಯೋಚಿಸಲು ಹೊತ್ತು ಬೇಕು ಎಂದು ಮಗುವಿಗೆ ಗೊತ್ತಿರುವುದಿಲ್ಲ. ಅದನ್ನು ಪಾಠ ಬರೆಯುವವರೇ ಇಟ್ಟುಕೊಡಬೇಕು.

ನನ್ನ ಜಗಲಿಗೆ ಮರಳುತ್ತೇನೆ. ಮಸಾಯದವರ ಉಪಾಯ ಓದಿದ ಮೇಲೆ ಗಾಳಿಯ ಪಾಠವನ್ನು ಮೂರನೆಯ ಸಲ ಕಟ್ಟಿದೆ. 'ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತನ್ನಿ' ಎಂದು ಹೇಳಿ ಹತ್ತು ಸೆಕೆಂಡು ಬಿಟ್ಟಿದ್ದೆ. ಸಾಲಲಿಲ್ಲ. ಒಬ್ಬನಿಗೆ ಲೋಟ ಎಟುಕಲಿಲ್ಲ, ಇನ್ನೊಬ್ಬಳು ತಂದದ್ದು ಪ್ಲಾಸ್ಟಿಕ್. ಗಡಿಯಾರ ಹಿಡಿದು ಕೂತೆ. ಲೋಟ ತರಲು ನಲವತ್ತು ಸೆಕೆಂಡು. ಕಾಗದ ಮುದುಡಿ, ಬೀಳದಂತೆ ತಳಕ್ಕೆ ತುರುಕಲು ಇಪ್ಪತ್ತೈದು. ಆ ನಲವತ್ತು ಸೆಕೆಂಡು ಬರೀ ಮೌನವಾದರೆ ಫೋನು ಕೆಟ್ಟಿತೆಂದು ಮಕ್ಕಳು ಅಲ್ಲಾಡಿಸುತ್ತಾರೆ, ಹಾಗಾಗಿ ಅಲ್ಲಿ ಚಂಡೆಯ ಸಣ್ಣ ಪೆಟ್ಟು ಇಟ್ಟೆ. ಯೋಚಿಸಬೇಕಾದ ಕಡೆ ಮಾತ್ರ ಪೂರ್ತಿ ಮೌನ. ಮಾಡುವ ಮೌನಕ್ಕೆ ಸದ್ದು ಬೇಕು, ಯೋಚಿಸುವ ಮೌನಕ್ಕೆ ಬೇಡ ಎಂಬುದು ನಾನೇ ಕಂಡುಕೊಂಡ ಪುಟ್ಟ ಸಂಗತಿ.

'ಈಗ ಲೋಟ ಬೋರಲು. ನೇರವಾಗಿ ನೀರಿಗೆ ಒತ್ತಿ. ಓರೆ ಮಾಡಬೇಡಿ.' ಚಂಡೆ. 'ನೇರವಾಗಿ ಮೇಲೆತ್ತಿ. ಬೆರಳು ಹಾಕಿ ಕಾಗದ ಮುಟ್ಟಿ.' ಚಂಡೆ. 'ಏನಾಗಿದೆ?' ಮೌನ. ಐದು ಮಕ್ಕಳು ಒಟ್ಟಿಗೆ ಕೂಗಿದರು: ಒಣಗಿದೆ! ಒಬ್ಬ ಮಾತ್ರ ಒದ್ದೆ ಎಂದ. ಅವನ ಲೋಟ ಓರೆಯಾಗಿತ್ತು, ಗುಳುಗುಳು ಎಂದು ಗುಳ್ಳೆ ಬಂದದ್ದನ್ನು ಅವನೇ ನೋಡಿದ್ದ. ಪಾಠಕ್ಕೆ ಅತಿ ಹೆಚ್ಚು ನೆರವಾದದ್ದು ಅವನ ಒದ್ದೆ ಕಾಗದ. ಗುಳ್ಳೆಯಾಗಿ ಹೊರಬಂದದ್ದು ಏನು? ಅದು ಹೊರಬಂದ ಜಾಗಕ್ಕೆ ಹೋದದ್ದು ಏನು? ನಾನು ಹೇಳಬೇಕಾಗಿ ಬರಲಿಲ್ಲ. ಕೊನೆಯ ಪ್ರಶ್ನೆ ಹೀಗಿತ್ತು: 'ಬಾವಿಗೆ ಕೊಡಪಾನ ಬಿಟ್ಟಾಗ ಅದು ಬೋರಲು ಬಿದ್ದರೆ ನೀರು ತುಂಬುವುದಿಲ್ಲ. ಅಮ್ಮ ಹಗ್ಗವನ್ನು ಒಂದು ಕಡೆಗೆ ಜಗ್ಗುತ್ತಾರೆ. ಯಾಕೆ?' ಎಂಟು ಸೆಕೆಂಡು. ಆ ಕೊಂಕಣಿ ಹುಡುಗಿ ಆರನೆಯ ಸೆಕೆಂಡಿಗೆ, ಯಾರ ಮುಖವನ್ನೂ ನೋಡದೆ, 'ಗಾಳಿಗೆ ದಾರಿ ಕೊಡಲಿಕ್ಕೆ' ಎಂದಳು.

ಆಟಕ್ಕೂ ಜಾಗ ಕೊಟ್ಟೆ. ಹೊಸ ಆಟ ಹುಡುಕಬೇಕಾಗಲಿಲ್ಲ. ನಮ್ಮ ಅಂಗಳದಲ್ಲೇ ಇತ್ತು. 'ಕಾಗೆ ಹಾರಿತು' ಎಂದರೆ ಕೈ ಎತ್ತಬೇಕು, 'ಎಮ್ಮೆ ಹಾರಿತು' ಎಂದಾಗ ಎತ್ತಿದವರು ಔಟು. ಕಿವಿಯೊಂದನ್ನೇ ನಂಬಿದ ಆಟ. ಜೀವಿಗಳನ್ನು ವಿಂಗಡಿಸುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರು ಬರೆದಾರು? ಗುಬ್ಬಿ, ಗಿಡುಗ, ಬಾವಲಿ, ಕೋಳಿ ಎಂದು ಮುದ್ರಿಸಿದೆ. ಕೋಳಿಗೆ ಅರ್ಧ ಮಕ್ಕಳು ಕೈ ಎತ್ತಿ ಜಗಳ ಶುರು. ಆಮೇಲೆ 'ಮೀನು ಹಾರಿತು' ಎಂದಾಗ ಮಲ್ಪೆಯ ದೋಣಿಗೆ ಹೋಗುವವರ ಮನೆಯ ಹುಡುಗ ಕೈ ಎತ್ತಿ ಇಳಿಸಲೇ ಇಲ್ಲ. ಹಾರುವ ಮೀನನ್ನು ಅವನ ಅಪ್ಪ ಕಂಡಿದ್ದರು. ಅದು ರೆಕ್ಕೆ ಬಡಿಯುತ್ತದೋ, ರೆಕ್ಕೆ ಬಿಚ್ಚಿ ತೇಲುತ್ತದೋ ಎಂದು ನಾನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮರುದಿನ ಅಪ್ಪನನ್ನು ಕೇಳಿಕೊಂಡು ಬಂದ: 'ಬಡಿಯುವುದಿಲ್ಲ ಟೀಚರ್. ನೀರಿನಿಂದ ಚಿಮ್ಮಿ, ಬಿಚ್ಚಿಕೊಂಡು ಹೋಗುತ್ತದೆ.' ಪುಸ್ತಕದಲ್ಲೂ ಅದೇ ಇದೆ. ಆದರೆ ಅವನಿಗೆ ಅದು ಬಂದದ್ದು ಅಪ್ಪನಿಂದ, ಆ ಅಪ್ಪನಿಗೆ ಸಮುದ್ರದಿಂದ. ಹಾರುವುದಕ್ಕೂ ತೇಲಿಕೊಂಡು ಸಾಗುವುದಕ್ಕೂ ಇರುವ ವ್ಯತ್ಯಾಸ ಆ ಆರು ಮಕ್ಕಳಿಗೆ ಇನ್ನು ಮರೆಯದು.

ಕಣ್ಣಿಲ್ಲದ ಮಕ್ಕಳ ವಿಷಯಕ್ಕೆ ಬಂದರೆ ಈ ವಿಧಾನ ಇನ್ನಷ್ಟು ದೊಡ್ಡದಾಗುತ್ತದೆ. ನಮ್ಮಲ್ಲಿ ಬಹುಕಾಲ ದೃಷ್ಟಿದೋಷವಿರುವ ಮಕ್ಕಳನ್ನು ವಿಜ್ಞಾನ, ಗಣಿತಗಳಿಂದ ದೂರವೇ ಇಡುತ್ತಿದ್ದರು. ಚಿತ್ರವಿಲ್ಲದೆ ಹೇಗೆ ಕಲಿಸುವುದು ಎಂಬ ನೆಪ. ಅದನ್ನು ಸ್ವತಃ ಎದುರಿಸಿ ಓದಿ, ಬೆಂಗಳೂರಿನ ಐ.ಐ.ಐ.ಟಿ.ಯಲ್ಲಿ ಚಿನ್ನದ ಪದಕ ಪಡೆದ ವಿದ್ಯಾ ವೈ. ಅವರು ಸುಪ್ರಿಯಾ ದೇ ಮತ್ತು ಪ್ರೊ. ಅಮಿತ್ ಪ್ರಕಾಶ್ ಅವರ ಜೊತೆಗೂಡಿ 2017ರಲ್ಲಿ 'ವಿಷನ್ ಎಂಪವರ್' ಸಂಸ್ಥೆ ಕಟ್ಟಿದರು. ಅಂಧ ಮಕ್ಕಳ ಶಾಲೆಗಳಿಗೆ ಮುಟ್ಟಿ, ಕೇಳಿ, ಆಡಿ ಕಲಿಯುವ ವಿಜ್ಞಾನ-ಗಣಿತದ ಪಾಠಗಳನ್ನು ಒದಗಿಸುವುದು ಅದರ ಕೆಲಸ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಮನೋಹರ್ ಸ್ವಾಮಿನಾಥನ್ ಅವರು ಈ ಮಕ್ಕಳಿಗೆ ಮೊದಲು ಆಟ, ಆಟದೊಳಗಿಂದ ಕಲಿಕೆ ಎಂಬ ದಾರಿಯನ್ನು ಮುಂದಿಟ್ಟರು. ಕಾಣದ ಮಗುವಿಗೆ ದನಿ ಚಿತ್ರದ ಬದಲಿಗೆ ಕೊಟ್ಟ ಎರಡನೆಯ ದರ್ಜೆಯ ವಸ್ತುವಲ್ಲ. ಗುಳ್ಳೆಯ ಗುಳುಗುಳು ಸದ್ದಿನಿಂದಲೇ ಗಾಳಿ ಹೊರಬಂತೆಂದು ತಿಳಿಯುವ ಮಗು ವಿಜ್ಞಾನವನ್ನೇ ಮಾಡುತ್ತಿದೆ.

ಮಣಿಪಾಲದಲ್ಲಿ 90.4ರ ಸಮುದಾಯ ರೇಡಿಯೊ ಇದೆ. ಬ್ರಹ್ಮಾವರದ ಗೋಪುರ ಇದ್ದಲ್ಲೇ ಇದೆ. ಪ್ರತಿ ಶಿಕ್ಷಕರ ಕೈಯಲ್ಲಿ ಧ್ವನಿಮುದ್ರಿಸುವ ಫೋನಿದೆ. ಕಾಪು, ಕಾರ್ಕಳ, ಉಡುಪಿಯ ಪ್ರಾಥಮಿಕ ಶಾಲೆಗಳ ಶಿಕ್ಷಕ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ಪಾಠ, ಹತ್ತೇ ನಿಮಿಷದ್ದು, ನಿಮ್ಮ ದನಿಯಲ್ಲಿ ಮಾಡಿ. ಅಡುಗೆಮನೆಯಲ್ಲಿ ಸಿಗುವ ಸಾಮಾನಿನ ಒಂದು ಪ್ರಯೋಗ, ಅಂಗಳದ ಒಂದು ಆಟ ಅದರಲ್ಲಿರಲಿ. ನಾಲ್ಕು ಮಕ್ಕಳ ಮುಂದೆ ಕೇಳಿಸಿ, 'ಸರಿಯಾಯಿತಾ' ಎಂದು ಅವರನ್ನು ಕೇಳದೆ, ಗಡಿಯಾರ ಹಿಡಿದು ಅವರ ಕೈ ನೋಡಿ. ಎಲ್ಲಿ ಹೊತ್ತು ಸಾಲಲಿಲ್ಲವೋ ಅಲ್ಲಿ ಇನ್ನಷ್ಟು ಬಿಡಿ.

ನನ್ನ ಗಾಳಿಯ ಪಾಠ ಈಗಲೂ ಫೋನಿನಲ್ಲಿದೆ. ಒಟ್ಟು 14 ನಿಮಿಷ. ಅದರಲ್ಲಿ ನನ್ನ ಮಾತು ಇರುವುದು ಐದು ನಿಮಿಷ ಮಾತ್ರ.